ಹತ್ತು ಮೀಟರ್ ರೈಫಲ್‌ಗೆ ಮೂರು ಬ್ಯಾರೆಲ್: ನನ್ನ ಓಟು ಹಳೆಯದಕ್ಕೇ

ಮೊದಲೇ ಹೇಳಿಬಿಡುತ್ತೇನೆ. ಏರ್ ರೈಫಲ್‌ನ ಬ್ಯಾರೆಲ್ (ಗುಂಡು ಹೊರಬರುವ ನಳಿಕೆ) ಕೆಟ್ಟಿದೆ ಅಂದರೆ ಅದೇ ಮಾಡೆಲ್‌ನ ಸೆಕೆಂಡ್ ಹ್ಯಾಂಡ್ ಒರಿಜಿನಲ್ ಬ್ಯಾರೆಲ್ ಹುಡುಕಿ. ಕಲಬುರಗಿಯಂಥ ಊರಿನಲ್ಲಿದ್ದು ಶೂಟಿಂಗ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ನನ್ನ ಒಂದೇ ರೈಫಲ್‌ಗೆ ಮೂರು ಬ್ಯಾರೆಲ್ ಹಾಕಿ ನೋಡಿದ್ದೇನೆ. ಒಂದು ಜರ್ಮನಿಯ ಹೊಸದು, ಇನ್ನೊಂದು ನಮ್ಮ ದೇಶದಲ್ಲೇ ತಯಾರಾದ ಕಡಿಮೆ ಬೆಲೆಯದು, ಮೂರನೆಯದು ಹೈದರಾಬಾದ್‌ನಲ್ಲಿ ಸಿಕ್ಕ ಹಳೆಯ ಒರಿಜಿನಲ್.

ಇದು 10 ಮೀಟರ್ ಸ್ಪರ್ಧೆಯ 4.5 ಮಿ.ಮೀ. ಏರ್ ರೈಫಲ್ ಮಾತು. ಮದ್ದಿನ ಬಂದೂಕಿನ ಕಥೆಯೇ ಬೇರೆ, ಅದಕ್ಕೆ ಲೈಸೆನ್ಸ್, ಕಾಗದಪತ್ರ ಎಲ್ಲ ಬೇಕು.

ನಾನು ರೈಫಲ್ ಕೊಂಡಿದ್ದೇ ಸೆಕೆಂಡ್ ಹ್ಯಾಂಡ್. ಅದರ ಬ್ಯಾರೆಲ್ ಒಳಗೆ ತುಕ್ಕು ತಿಂದ ಸಣ್ಣ ಗುಳಿಗಳಿದ್ದವು. ಎಷ್ಟು ಒರೆಸಿದರೂ ಗ್ರೂಪ್ ಕೂಡುತ್ತಿರಲಿಲ್ಲ, ಅಂದರೆ ಗುಂಡುಗಳು ಒಂದೇ ಕಡೆ ಬೀಳುತ್ತಿರಲಿಲ್ಲ. ಹತ್ತು ಮೀಟರ್ ಆಟದಲ್ಲಿ ಇದನ್ನು ಸಹಿಸಿಕೊಂಡು ಹೋಗಲು ಆಗುವುದೇ ಇಲ್ಲ. ಟಾರ್ಗೆಟ್‌ನ ನಡುವಿನ ಹತ್ತರ ಚುಕ್ಕಿ ಬರೀ 0.5 ಮಿ.ಮೀ. ಅಗಲ. 2013ರಿಂದ ಅರ್ಹತಾ ಸುತ್ತಿನಲ್ಲೂ ದಶಮಾಂಶದ ಲೆಕ್ಕ ಬಂತು, ಅಂದರೆ ನಟ್ಟನಡುವೆ ಬಿದ್ದ ಗುಂಡಿಗೆ 10.9, ಸರಿದಷ್ಟೂ ಕಡಿಮೆ. ಗುಂಡು ಕಾಲು ಮಿಲಿಮೀಟರ್ ಸರಿದರೆ 0.1 ಅಂಕ ಹೋಯಿತು. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ 10.8 ಹೊಡೆದರಲ್ವಾ? ಅಂದರೆ ಆ ಗುಂಡು ನಟ್ಟನಡುವಿನಿಂದ ಅರ್ಧ ಮಿಲಿಮೀಟರ್ ಕೂಡ ಆಚೆ ಹೋಗಿರಲಿಲ್ಲ. ಬ್ಯಾರೆಲ್ಲೇ ಒಂದು ಮಿಲಿಮೀಟರ್ ಅತ್ತಿತ್ತ ಎಸೆಯುತ್ತಿದ್ದರೆ ನಾವು ಉಸಿರು ಹಿಡಿದು ಏನು ಪ್ರಯೋಜನ?

ಜರ್ಮನಿಯ ಹೊಸ ಬ್ಯಾರೆಲ್ ಮೇಲೆ ಎಲ್ಲರಿಗೂ ಆಸೆ. ಆಸೆಗೆ ಕಾರಣವೂ ಇದೆ. ಒಳಗಿನ ಗ್ರೂವ್‌ಗಳು (ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳು) ಕನ್ನಡಿಯಂತೆ ನುಣುಪು, ತುದಿಯಲ್ಲಿ ಚೋಕ್ ಇದೆ. ಅಂದರೆ ಬಾಯಿಯ ಹತ್ತಿರ ನಳಿಕೆ ಸ್ವಲ್ಪವೇ ಬಿಗಿಯಾಗುತ್ತದೆ, ಹಾಗಾಗಿ ಪ್ರತಿ ಪೆಲೆಟ್ಟೂ (ಸೀಸದ ಸಣ್ಣ ಗುಂಡು) ಒಂದೇ ಹಿಡಿತದಲ್ಲಿ ಹೊರಬೀಳುತ್ತದೆ. ಲೋಹದ ವಿಷಯದಲ್ಲಿ ನನ್ನದೊಂದೂ ತಕರಾರಿಲ್ಲ.

ತಕರಾರು ಇರುವುದು ಕೂರಿಸುವುದರಲ್ಲಿ. ಮಾರಿದವರು "ಹಾಗೇ ಕೂರುತ್ತೆ" ಅಂದಿದ್ದರು. ಪಾರ್ಸೆಲ್ ಬಿಚ್ಚಿ ನೋಡಿದರೆ ಹೊರಗಿನ ಅಳತೆ ನನ್ನ ರಿಸೀವರ್‌ಗಿಂತ (ರೈಫಲ್‌ನಲ್ಲಿ ಬ್ಯಾರೆಲ್ ಕೂರುವ ಜಾಗ) ಕೂದಲೆಳೆಯಷ್ಟು ದಪ್ಪ. ಗಾಳಿ ಒಳಬರುವ ತೂತು ಇಲ್ಲವೇ ಇಲ್ಲ, ನಾವೇ ಕೊರೆಸಬೇಕು. ಬ್ಯಾರೆಲ್ ಬಿಗಿಹಿಡಿಯುವ ಗ್ರಬ್ ಸ್ಕ್ರೂ ಕೂರಲು ಗುಳಿಯೂ ಇಲ್ಲ. ಬ್ಯಾರೆಲ್ ಕೂರಿಸುವುದನ್ನೇ ಕಸುಬು ಮಾಡಿಕೊಂಡವರು ನನಗೆ ನಮ್ಮೂರಲ್ಲಿ ಸಿಗಲಿಲ್ಲ. ಕಪನೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಳ್ಳೆಯ ಲೇತ್ ಮಿಸ್ತ್ರಿ ಸಿಕ್ಕರು. ಪಂಪ್ ಶಾಫ್ಟ್, ಬೇರಿಂಗ್ ಹೌಸಿಂಗ್ ಮಾಡುವ ಕೈ ಅವರದು. ಹೊರಗಿನ ಅಳತೆಯನ್ನು ಅಚ್ಚುಕಟ್ಟಾಗಿ ಇಳಿಸಿಕೊಟ್ಟರು, ತೂತೂ ಕೊರೆದುಕೊಟ್ಟರು. ಬ್ಯಾರೆಲ್ ಒಳಗೆ ಸರಾಗವಾಗಿ ಹೋಯಿತು, ಗಾಳಿ ಸೋರಲಿಲ್ಲ.

ಆದರೂ ಆಗಾಗ ಗುಂಡು ಗುರಿ ಬಿಟ್ಟು ಹಾರುತ್ತಿತ್ತು. ನಾಲ್ಕು ಗುಂಡು ಒಂದೇ ತೂತಿನಲ್ಲಿ, ಐದನೆಯದು ಸುಮ್ನೆ ಬಲಕ್ಕೆ, ಒಂಬತ್ತರಲ್ಲಿ. ಮತ್ತೆ ಮೂರು ಒಳ್ಳೆಯವು, ಮತ್ತೊಂದು ಹೊರಗೆ. ಯಾವಾಗಲೂ ಕೆಟ್ಟರೆ ಕಾರಣ ಹುಡುಕುವುದು ಸುಲಭ, ಆಗೊಮ್ಮೆ ಈಗೊಮ್ಮೆ ಕೆಟ್ಟರೆ ತಲೆ ಕೆಡುತ್ತದೆ. ಪೆಲೆಟ್ ಬದಲಿಸಿದೆ, ತಲೆಯ ಅಗಲ 4.50 ಮಿ.ಮೀ. ಇರುವುದನ್ನು ಬಿಟ್ಟು 4.49ರದ್ದು ಹಾಕಿದೆ. ಗುರಿ ನೋಡುವ ಡಯಾಪ್ಟರ್ ಸೈಟ್ ಬಿಚ್ಚಿ ಮತ್ತೆ ಬಿಗಿಸಿದೆ. ಸ್ಟಾಕ್‌ನ (ಭುಜಕ್ಕೆ ಆನಿಸುವ ಹಿಡಿಯ) ಸ್ಕ್ರೂ ನೋಡಿದೆ. ರೈಫಲ್‌ಅನ್ನು ವೈಸ್‌ಗೆ ಕಟ್ಟಿ ಹೊಡೆದರೂ ಅದೇ ಆಟ. ಹಾಗಾದರೆ ತಪ್ಪು ಕೈಯದಲ್ಲ ಅನ್ನುವುದು ಮಾತ್ರ ಖಾತ್ರಿಯಾಯಿತು.

ಕೊನೆಗೆ ಉಪಾಯ ಹೇಳಿಕೊಟ್ಟಿದ್ದು ಅದೇ ಮಿಸ್ತ್ರಿ. ಗಾಳಿ ಪೂರ್ತಿ ಖಾಲಿ ಮಾಡಿ, ಬ್ಯಾರೆಲ್ ಬಿಚ್ಚಿ, ಹಿಂದಿನಿಂದ ಒಂದು ಪೆಲೆಟ್ ಇಟ್ಟು ಕೋಲಿನಿಂದ ಮೆಲ್ಲಗೆ ತಳ್ಳಿದೆವು. ಹೊರಬಂದ ಪೆಲೆಟ್ಟನ್ನು ಭೂತಗನ್ನಡಿಯಲ್ಲಿ ನೋಡಿದರೆ ಸ್ಕರ್ಟ್‌ನ (ಪೆಲೆಟ್‌ನ ಹಿಂಬದಿಯ ಅಗಲ ಅಂಚು) ಒಂದು ಬದಿಗೆ ಉದ್ದ ಗೀರು. "ಒಳಗ ಮುಳ್ಳ ಎದ್ದದ ನೋಡ್ರಿ," ಅಂದರು ಮಿಸ್ತ್ರಿ. ತೂತು ಕೊರೆದಾಗ ಡ್ರಿಲ್ ಒಳಗಿನ ಅಂಚಿನಲ್ಲಿ ಕಣ್ಣಿಗೆ ಕಾಣದ ಮುಳ್ಳೊಂದನ್ನು ಬಿಟ್ಟಿತ್ತು. ಸೀಸ ಮೆತ್ತಗಿನ ಲೋಹ. ಪ್ರತಿ ಗುಂಡೂ ಆ ಮುಳ್ಳಿಗೆ ಉಜ್ಜಿಕೊಂಡು ಹೋಗುತ್ತಿತ್ತು. ಉಜ್ಜಿ ಬಂದ ಸೀಸದ ಚೂರು ಅಲ್ಲೇ ಸೇರುತ್ತಿತ್ತು, ನಂತರ ಯಾವುದೋ ಒಂದು ಗುಂಡಿನ ಜೊತೆ ಹೊರಗೆ ಬರುತ್ತಿತ್ತು. ಆ ಗುಂಡೇ ದಾರಿ ತಪ್ಪುತ್ತಿತ್ತು.

ಮುಳ್ಳು ತೆಗೆಯುವುದು ಕೊರೆದಷ್ಟು ಸುಲಭವಲ್ಲ. "ಹೊರಗಿನ ಕೆಲಸ ನಂದ್ರಿ, ಒಳಗಿಂದು ಕಾಣಂಗಿಲ್ಲ," ಅಂದರು ಅವರು. ಮಾತು ಖರೆ. ಒಳಗೆ ಇಣುಕುವ ಸಣ್ಣ ಕ್ಯಾಮೆರಾ ಬೇಕು, ಗ್ರೂವ್ ಕೆಡದಂತೆ ತೂತಿನ ಅಂಚನ್ನಷ್ಟೇ ಉಜ್ಜುವ ಕೈ ಬೇಕು. ಅವರು ತುಂಬ ಜೋಪಾನದಿಂದ ಉಜ್ಜಿದರು. ಗ್ರೂಪ್ ಚೆನ್ನಾಗಿ ಸುಧಾರಿಸಿತು. ಆದರೂ ಅಪರೂಪಕ್ಕೊಂದು ಗುಂಡು ಈಗಲೂ ಹಾರುತ್ತದೆ. ಸ್ಪರ್ಧೆಯಲ್ಲಿ 60 ಗುಂಡು ಹೊಡೆಯುವಾಗ ಪ್ರತಿ ಗುಂಡಿಗೂ ಆ ಅನುಮಾನ ಇಟ್ಟುಕೊಂಡು ಟ್ರಿಗರ್ ಒತ್ತಲು ನನ್ನಿಂದಾಗದು.

ಅಳತೆ ಸರಿಮಾಡಲು ಬಾಯಿಯ ಕಡೆಯಿಂದ ಸ್ವಲ್ಪ ಕತ್ತರಿಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಚೋಕ್ ಇರುವುದೇ ಅಲ್ಲಿ.

ದೇಶೀ ಬ್ಯಾರೆಲ್ ಬಗ್ಗೆ ಹೇಳುವುದು ಕಡಿಮೆ. ಬೆಲೆ ಅಗ್ಗ, ಬೇಗ ಸಿಕ್ಕಿತು, ತುಕ್ಕಿನ ಬ್ಯಾರೆಲ್‌ಗಿಂತ ಎಷ್ಟೋ ಮೇಲು. ಮಕ್ಕಳು ಕಲಿಯಲು, ಮನೆಯ ಅಂಗಳದಲ್ಲಿ ಡಬ್ಬಿಗೆ ಹೊಡೆಯಲು ಧಾರಾಳವಾಗಿ ಸಾಕು. ನನಗೆ ಸಿಕ್ಕಿದ್ದರಲ್ಲಿ ಪೆಲೆಟ್ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಗ್ರೂಪ್ ಎಂದೂ ಒಂದೇ ತೂತಿಗೆ ಬರಲಿಲ್ಲ.

ಈಗ ಹಳೆಯ ಒರಿಜಿನಲ್. ಹಳೆಯದು ಅಂದ ಕೂಡಲೇ ಜನ ಮುಖ ತಿರುಗಿಸುತ್ತಾರೆ, ಸವೆದಿರುತ್ತದೆ ಅಂತ. ಈ ಹೆದರಿಕೆ ಬಂದಿದ್ದು ಮದ್ದಿನ ಬಂದೂಕಿನಿಂದ. ಅಲ್ಲಿ ಗುಂಡಿನ ಹಿಂದೆ ಬೆಂಕಿಯ ಗಾಳಿ ಇರುತ್ತದೆ, ಅದು ನಳಿಕೆಯ ಬುಡವನ್ನು ಸುಡುತ್ತಾ ತಿನ್ನುತ್ತದೆ. ಏರ್ ರೈಫಲ್‌ನಲ್ಲಿ ಬೆಂಕಿ ಎಲ್ಲಿದೆ? ತಣ್ಣನೆಯ ಗಾಳಿ, ಮೆತ್ತನೆಯ ಸೀಸ, ಉಕ್ಕಿನ ನಳಿಕೆ. ಕ್ಲಬ್‌ನಲ್ಲಿ ವರ್ಷಗಟ್ಟಲೆ ದಿನಾ ಹೊಡೆದ ಬ್ಯಾರೆಲ್ ಕೂಡ ಸವೆಯುವುದು ತೀರಾ ಕಡಿಮೆ. ಏರ್ ರೈಫಲ್ ಬ್ಯಾರೆಲ್‌ಅನ್ನು ಕೆಡಿಸುವುದು ಮುಖ್ಯವಾಗಿ ತುಕ್ಕು, ಆಮೇಲೆ ಬಾಯಿಯ ಕಡೆಯಿಂದ ಕಬ್ಬಿಣದ ಕೋಲು ತುರುಕಿ ಒರೆಸುವ ಚಾಳಿ. ಬಾಯಿಯ ಅಂಚನ್ನು ಕ್ರೌನ್ ಅನ್ನುತ್ತಾರೆ. ಅದರ ಒಂದು ಬದಿಗೆ ಏಟು ಬಿದ್ದರೆ ಗಾಳಿ ಅಲ್ಲಿಂದ ಮೊದಲು ನುಗ್ಗಿ ಗುಂಡಿನ ಬಾಲ ತಿರುಗಿಸುತ್ತದೆ.

ಹಾಗಾಗಿ ತಾಂಡೂರು, ವಿಕಾರಾಬಾದ್ ದಾರಿಯ ರೈಲು ಹತ್ತಿ ಹೈದರಾಬಾದ್‌ಗೆ ಹೋದಾಗ ನನ್ನ ಪೆಲೆಟ್ ಡಬ್ಬಿ, ಪ್ಲಾಸ್ಟಿಕ್ ಹೊದಿಕೆಯ ಕೋಲು, ಭೂತಗನ್ನಡಿ ಜೊತೆಗೇ ಒಯ್ದೆ. ಕ್ರೌನ್ ಸುತ್ತ ಗೀರಿಲ್ಲ. ಬೆಳಕಿಗೆ ಹಿಡಿದರೆ ಒಳಗೆ ಚುಕ್ಕಿಗಳಿಲ್ಲ. ಪೆಲೆಟ್ ತಳ್ಳಿದರೆ ಉದ್ದಕ್ಕೂ ಒಂದೇ ಬಿಗಿ, ಕೊನೆಯಲ್ಲಿ ಮಾತ್ರ ತುಸು ಜಾಸ್ತಿ. ಅದೇ ಚೋಕ್. ಹೊರಬಂದ ಪೆಲೆಟ್ ಮೇಲೆ ಗ್ರೂವ್‌ನ ಗುರುತು ಸುತ್ತಲೂ ಸಮ. ಹೊರಗಡೆ ಬಣ್ಣ ಹೋಗಿತ್ತು, ಅದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಬೆಲೆ ಹೊಸದರ ಅರ್ಧಕ್ಕಿಂತ ಕಡಿಮೆ. ಹೊಸದಕ್ಕೆ ಲೇತ್ ಖರ್ಚು ಸೇರಿಸಿದರೆ ವ್ಯತ್ಯಾಸ ಇನ್ನೂ ಜಾಸ್ತಿ.

ಮನೆಗೆ ಬಂದು ಹಾಕಿದೆ. ಕೂತಿತು. ತೂತಿಗೆ ತೂತು, ಗುಳಿಗೆ ಸ್ಕ್ರೂ. ಗಾಳಿ ಸೋರದಂತೆ ತಡೆಯುವ ಓ-ರಿಂಗ್ ಒಂದನ್ನು ಮಾತ್ರ ಹೊಸದು ಹಾಕಿದೆ. ಅಂದು ಸಂಜೆಯೇ ಸೈಟ್ ಹೊಂದಿಸಿ ಹೊಡೆದರೆ ಐದಕ್ಕೆ ಐದೂ ಒಂದೇ ತೂತು. ಗುಂಡು ಹೊರಗೆ ಹೋದರೆ ಅದು ನನ್ನ ಕೈಯದೇ ಅಂತ ಈಗ ಧೈರ್ಯವಾಗಿ ಹೇಳಬಲ್ಲೆ. ಅಭ್ಯಾಸಕ್ಕೆ ಇದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ.

ನಾನು ದಿನಾ ಹೊಡೆಯುವವನು, ಜಿಲ್ಲೆ ರಾಜ್ಯ ಮಟ್ಟದ ಪಂದ್ಯಗಳಿಗೆ ಹೋಗುವವನು, ಕೈಯಲ್ಲಿ ದುಡ್ಡು ಎಣಿಸಿ ಖರ್ಚು ಮಾಡುವವನು. ನಿಮಗೆ ದೊಡ್ಡ ಊರಿನಲ್ಲಿ ಬ್ಯಾರೆಲ್ ಕೆಲಸವನ್ನೇ ಮಾಡುವ ನುರಿತವರು ಗೊತ್ತಿದ್ದರೆ, ಅವರೇ ಕೂರಿಸಿ, ಹೊಡೆದು ತೋರಿಸಿ, ಆ ಟಾರ್ಗೆಟ್ ಕಾರ್ಡ್ ಸಮೇತ ಕೊಡುವುದಾದರೆ ಹೊಸದನ್ನೇ ತಗೊಳ್ಳಿ. ಬರೀ ಬ್ಯಾರೆಲ್ ಪಾರ್ಸೆಲ್‌ನಲ್ಲಿ ಬರುತ್ತದೆ ಅಂದರೆ ಬೇಡ. ಹಳೆಯದು ಹುಡುಕುವವರು ಮಾಡೆಲ್ ಹೆಸರಿನ ಜೊತೆ ತಯಾರಾದ ವರ್ಷವನ್ನೂ ಕೇಳಿ, ಒಂದೇ ಹೆಸರಿನಲ್ಲಿ ಅಳತೆ ಬದಲಾದ ರೈಫಲ್‌ಗಳಿವೆ. ಬಿಲ್ ಬರೆಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.