ಸ್ನೋ ಬೈಕಿನ ಸ್ಕೀಗೆ ಸಿಲಿಕೋನ್ ಸ್ಪ್ರೇ: ಎರಡು ಚಳಿಗಾಲ ಬಳಸಿದ ಮೇಲೆ

ಡರ್ಟ್ ಬೈಕಿನ ಮುಂದಿನ ಚಕ್ರ ಕಳಚಿ ಸ್ಕೀಯನ್ನೂ (ಹಿಮದ ಮೇಲೆ ಜಾರುವ ಉದ್ದನೆಯ ಹಲಗೆ) ಹಿಂದಿನ ಚಕ್ರದ ಜಾಗದಲ್ಲಿ ರಬ್ಬರ್ ಟ್ರ್ಯಾಕನ್ನೂ ಜೋಡಿಸಿದರೆ ಅದು ಸ್ನೋ ಬೈಕ್ ಆಗುತ್ತದೆ. ಅಮೆರಿಕದ ಐಡಹೋ ರಾಜ್ಯದಲ್ಲಿ, ಬಾಯ್ಸಿಯಿಂದ ಉತ್ತರಕ್ಕೆ ಸುಮಾರು 160 ಕಿ.ಮೀ. ದೂರವಿರುವ ಮೆಕಾಲ್ ಸುತ್ತಲಿನ ಬೆಟ್ಟಗಳಲ್ಲಿ ನಾನು ಇದನ್ನು ಓಡಿಸುತ್ತೇನೆ. ಜನವರಿಯ ಪುಡಿಹಿಮದಲ್ಲಿ ಅಷ್ಟಾಗಿ ತೊಂದರೆಯಿಲ್ಲ. ಮಾರ್ಚ್ ತಿಂಗಳಲ್ಲಿ ತಾಪಮಾನ 0 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಬಂದಾಗ ಮಾತ್ರ ಸ್ಕೀಯ ಮೇಲ್ಭಾಗದಲ್ಲಿ, ಅದರಲ್ಲೂ ಫೋರ್ಕ್ ಬಂದು ಕೂಡುವ ಸಂದಿಯಲ್ಲಿ, ಹಿಮ ಗಟ್ಟಿಯಾಗಿ ಮೆತ್ತಿಕೊಂಡು ಹ್ಯಾಂಡಲ್ ತಿರುಗಿಸುವುದೇ ಕಷ್ಟವಾಗುತ್ತದೆ.

ರಾಗಿಮುದ್ದೆ ಕಟ್ಟುವಾಗ ಕೈ ಒದ್ದೆ ಮಾಡಿಕೊಂಡರೆ ಹಿಟ್ಟು ಅಂಟುವುದಿಲ್ಲ. ಇಲ್ಲಿ ನಡೆಯುವುದು ಅದರ ತದ್ವಿರುದ್ಧ, ಏಕೆಂದರೆ ಹಿಮದ ಕಣಗಳ ನಡುವಿನ ನೀರೇ ಅಂಟಿನ ಕೆಲಸ ಮಾಡುತ್ತದೆ. ಬೆಚ್ಚಗಿನ ಸ್ಕೀಗೆ ತಗುಲಿದ ಹಿಮ ಕರಗಿ, ಸ್ಕೀ ತಣ್ಣಗಾದೊಡನೆ ಆ ನೀರು ಮತ್ತೆ ಹೆಪ್ಪುಗಟ್ಟಿ, ಅದರ ಮೇಲೆ ಮುಂದಿನ ಪದರ ಸುಲಭವಾಗಿ ಕೂರುತ್ತದೆ.

ಹೀಗೆ ಹಿಮ ಅಂಟದಿರಲೆಂದು ನಾನು ಎರಡು ಚಳಿಗಾಲಗಳಿಂದ ಬಳಸುತ್ತಿರುವ ಸಿಲಿಕೋನ್ ಸ್ಪ್ರೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾಧಾರಣ ಡಬ್ಬಿ. ಒಣಗಿದ, ಶುಚಿಯಾದ ಸ್ಕೀಗೆ ಹಿಂದಿನ ರಾತ್ರಿಯೇ ಹೊಡೆದು, ಬಟ್ಟೆಯಿಂದ ತೆಳುವಾಗಿ ಹರಡಿ ಬಿಟ್ಟ ದಿನಗಳಲ್ಲಿ ಫಲಿತಾಂಶ ಚೆನ್ನಾಗಿತ್ತು: ಹಿಮ ಕೂರುವುದು ಪೂರ್ತಿ ನಿಲ್ಲದಿದ್ದರೂ ಬೂಟಿನಿಂದ ಒಮ್ಮೆ ಒದ್ದರೆ ಇಡೀ ಹೆಂಟೆ ಕಳಚಿ ಬೀಳುತ್ತಿತ್ತು. ಬೆಟ್ಟದ ಬುಡದಲ್ಲಿ, ಒದ್ದೆ ಸ್ಕೀಯ ಮೇಲೆ ಆತುರದಿಂದ ಹೊಡೆದ ದಿನ ಹಣ ದಂಡವಾಯಿತು. ಗಟ್ಟಿಪದರದ ಹಿಮದಲ್ಲಿ ಮಧ್ಯಾಹ್ನದ ಹೊತ್ತಿಗೆ ಲೇಪ ಸವೆದುಹೋಗುತ್ತದೆ, ಆದ್ದರಿಂದ ಚಿಕ್ಕ ಡಬ್ಬಿಯೊಂದು ಬೆನ್ನಚೀಲದಲ್ಲಿರಬೇಕು. ಅಡುಗೆ ಎಣ್ಣೆಯ ಸ್ಪ್ರೇಯನ್ನೂ ಪ್ರಯತ್ನಿಸಿದೆ. ದೋಸೆ ಕಾವಲಿಗೆ ಒಪ್ಪುವ ಆ ಎಣ್ಣೆ ಸ್ಕೀಯ ಮೇಲೆ ಒಂದು ಗಂಟೆಯೂ ಬಾಳಲಿಲ್ಲ, ವ್ಯಾನಿನೊಳಗೆ ಜಿಡ್ಡನ್ನು ಮಾತ್ರ ಉಳಿಸಿತು.

ಮೇಣ ಹೆಚ್ಚು ಬಾಳುತ್ತದೆ, ಆದರೆ ಉಜ್ಜುವ ಶ್ರಮವೂ ಹೆಚ್ಚು. ಸ್ಕೀಗಳನ್ನು ಸಾಮಾನ್ಯವಾಗಿ ತಯಾರಿಸುವ ಪಾಲಿಎಥಿಲೀನ್ ಪ್ಲಾಸ್ಟಿಕ್ ಸುಮಾರು 130 ಡಿಗ್ರಿಯಲ್ಲಿ ಕರಗುವುದರಿಂದ ಮೇಣ ಹಚ್ಚಲು ಹೀಟ್ ಗನ್ ಬಳಸುವುದು ಅಪಾಯ. ಕೈಯಿಂದ ಉಜ್ಜುವ ಮೇಣವೇ ಸಾಕು. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟವು 2023-24ರ ಋತುವಿನಿಂದ ಸ್ಪರ್ಧೆಗಳಲ್ಲಿ ಫ್ಲೋರಿನ್ ಮೇಣವನ್ನು ನಿಷೇಧಿಸಿದೆ. ಆ ನಿಯಮ ನಮಗೆ ಅನ್ವಯಿಸದಿದ್ದರೂ ಕರಗಿದ ಹಿಮ ಹೊಳೆ ಸೇರುವುದರಿಂದ ನಾನು ಫ್ಲೋರಿನ್ ಇಲ್ಲದ್ದನ್ನೇ ಕೊಳ್ಳುತ್ತೇನೆ.

ಸಿಲಿಕೋನ್ ಹೊಡೆಯುವಾಗ ಕಾಲಿಡುವ ಪೆಗ್, ಸೀಟು ಮತ್ತು ಬ್ರೇಕ್ ಡಿಸ್ಕಿಗೆ ತಾಗದಂತೆ ಬಟ್ಟೆ ಮುಚ್ಚಬೇಕು. ಪೆಗ್ ಮೇಲೆ ಕಾಲು ಜಾರಿದಾಗ ಈ ಪಾಠ ನನಗೆ ಮೊಣಕಾಲಿನ ಗಾಯದೊಂದಿಗೆ ದಕ್ಕಿತು.

ಸ್ಪ್ರೇಗಿಂತ ಹೆಚ್ಚು ಉಪಯೋಗವಾದದ್ದು ಖರ್ಚೇ ಇಲ್ಲದ ಎರಡು ಅಭ್ಯಾಸಗಳು. ಬೆಚ್ಚಗಿನ ವ್ಯಾನಿನಿಂದ ಇಳಿಸಿದ ಬೈಕನ್ನು ಕೂಡಲೇ ಹಿಮಕ್ಕಿಳಿಸದೆ, ಹಲಗೆಯ ಮೇಲೆ ಅರ್ಧ ಗಂಟೆ ನಿಲ್ಲಿಸಿ ಸ್ಕೀ ಹೊರಗಿನ ಗಾಳಿಯಷ್ಟೇ ತಣ್ಣಗಾಗಲು ಬಿಡುತ್ತೇನೆ. ಊಟಕ್ಕೆ ನಿಂತಾಗ ಸ್ಕೀಯ ಕೆಳಗೆ ಮರದ ಕೊಂಬೆ ಇಡುತ್ತೇನೆ, ಇಲ್ಲವಾದರೆ ತಳವೇ ನೆಲದ ಹಿಮಕ್ಕೆ ಹೆಪ್ಪುಗಟ್ಟಿ, ಹೊರಡುವಾಗ ಇಬ್ಬರು ಸೇರಿ ಕೀಳಬೇಕಾಗುತ್ತದೆ. ಈ ಎರಡನ್ನೂ ಮಾಡುವವರಿಗೆ ಸ್ಪ್ರೇ ಐದರಲ್ಲಿ ನಾಲ್ಕು ಅಂಕದ ಸರಕು. ಮಾಡದವರಿಗೆ ಎರಡಕ್ಕಿಂತ ಹೆಚ್ಚು ಕೊಡಲಾರೆ.