‘ಅರ್ಜಿ’ ಹೊಡೆದು ನೋಡಿ: ಟೈಪ್‌ರೈಟರ್, ನುಡಿ, ಮೊಬೈಲು

ಕನ್ನಡ ಟೈಪಿಂಗ್‌ನಲ್ಲಿ ಜೂನಿಯರ್, ಸೀನಿಯರ್ ಎರಡೂ ಪಾಸು ಮಾಡಿಕೊಂಡು ಕಂಪ್ಯೂಟರ್ ಮುಂದೆ ಕೂತವನು ಮೊದಲ ದಿನವೇ ಎಡವಿದ್ದು ‘ಅರ್ಜಿ’ ಎಂಬ ಪುಟ್ಟ ಪದದಲ್ಲಿ. ಟೈಪ್‌ರೈಟರಿನಲ್ಲಿ ಅ, ಜಿ, ಕೊನೆಗೆ ಅರ್ಕಾವತ್ತು. ಕಣ್ಣಿಗೆ ಕಾಣುವ ಸಾಲಿನಲ್ಲೇ ಬೆರಳೂ ಓಡಬೇಕು. ಕಂಪ್ಯೂಟರಿನ ಕನ್ನಡ ತಂತ್ರಾಂಶ ‘ನುಡಿ’ಯಲ್ಲಿ ಅ, ರ, ಎಫ್ ಕೀ, ಜ, ಗುಡಿಸು. ಬಾಯಲ್ಲಿ ರ ಮೊದಲು ಬರುವುದರಿಂದ ಕೈಯಲ್ಲೂ ರ ಮೊದಲು. ಈ ಒಂದು ತಿರುವು ಕೈಗೆ ಒಗ್ಗಲು ನನಗೆ ತಿಂಗಳುಗಳೇ ಹಿಡಿದವು.

ಟೈಪ್‌ರೈಟರಿನ ತಪ್ಪೇನಿಲ್ಲ ಬಿಡಿ. ಅಚ್ಚಿನ ಮೊಳೆ ತನ್ನ ಆಕಾರ ಬದಲಿಸದು. ಹಾಗಾಗಿ ಅನಂತಸುಬ್ಬರಾಯರು ಕನ್ನಡಕ್ಕೆ ಕೀಲಿಮಣೆ ಹೊಂದಿಸುವಾಗ ಒತ್ತು, ಅರ್ಕಾವತ್ತುಗಳಿಗೂ ಬೇರೆ ಬೇರೆ ಜಾಗ ಹುಡುಕಬೇಕಿತ್ತು. ನುಡಿಯಲ್ಲಿರುವ ಕೀಲಿಮಣೆ ರೂಪಿಸಿದ ಕೆ.ಪಿ. ರಾವ್ ಅವರಿಗೆ ಆ ಹಂಗಿರಲಿಲ್ಲ, ಆಕಾರ ಕೂಡಿಸುವ ಕೆಲಸ ಕಂಪ್ಯೂಟರಿನದು. ಇಂಗ್ಲಿಷಿನ 26 ಅಕ್ಷರಗಳ ಕೀಗಳಲ್ಲೇ ಇಡೀ ವರ್ಣಮಾಲೆ ಮುಗಿಸಿದರು. ಕ ನೇರ, ಖ ಬೇಕಾದರೆ ಶಿಫ್ಟ್, ಒತ್ತಿಗೆ ಎಫ್. ‘ಕನ್ನಡ’ ಎನ್ನಲು ಕೆ, ಎನ್, ಎಫ್, ಎನ್, ಡಬ್ಲ್ಯೂ: ಐದೇ ಏಟು. ಅದೇ ಪದವನ್ನು ಇಂಗ್ಲಿಷ್ ಕಾಗುಣಿತದಲ್ಲಿ ಹೊಡೆದರೆ ಏಳು.

ಕೈಗೆ ದಣಿವೆಂದರೆ ಟೈಪ್‌ರೈಟರಿನದೇ. ಕಿರುಬೆರಳ ಏಟು ಮೆತ್ತಗಾದರೆ ಅಕ್ಷರ ಮಸುಕು. ಅವಸರದಲ್ಲಿ ಎರಡು ಕೀ ಒಟ್ಟಿಗೆ ಬಿದ್ದರೆ ಮೇಲೆದ್ದ ಕಡ್ಡಿಗಳೆರಡೂ ತಬ್ಬಿಕೊಂಡು ನಿಲ್ಲುತ್ತಿದ್ದವು, ಬಿಡಿಸುವಷ್ಟರಲ್ಲಿ ಬೆರಳ ತುದಿಯೆಲ್ಲ ಮಸಿ. ಕಾರ್ಬನ್ ಇಟ್ಟಿದ್ದರಂತೂ ಒಂದು ತಪ್ಪಿಗೆ ಮೂರು ಹಾಳೆ ಉಜ್ಜಬೇಕು. ಆದರೆ ಕರೆಂಟ್ ಹೋದ ಮಧ್ಯಾಹ್ನ ಒಂದೇ ಸಲಕ್ಕೆ ಮೂರು ಪ್ರತಿ ತೆಗೆದುಕೊಟ್ಟದ್ದೂ ಅದೇ.

ಮೊಬೈಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಬ್ಬೆರಳಿನ ಕೆಲಸ, ಊಹೆಯ ಕಾರುಬಾರು. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮಾಡುವಾಗ ‘ಅಣ್ಣ ಬಂದ’ ಎಂದು ಕಳಿಸಿದ್ದು ಮನೆಗೆ ‘ಅನ್ನ ಬಂದ’ ಎಂದು ಹೋಗಿತ್ತು. ಎರಡು ಸಾಲಿಗೆ ಸಾಕು. ಪುಟಗಟ್ಟಲೆ ಬರೆಯಲು ನನಗೆ ನುಡಿಯೇ ಆಗಬೇಕು.

ಹಾಗಂತ ಹಳೇ ಚಾಳಿ ಸುಮ್ಮನೆ ಬಿಡಲಿಲ್ಲ. ಮೊದಮೊದಲು ಅರ್ಕಾವತ್ತಿಗೆ ರ, ಎಫ್ ಎಂದು ಹೋಗುವ ಬದಲು, ಕಣ್ಣಿಗೆ ಹಾಗೇ ಕಾಣುವ ೯ ಅಂಕಿಯನ್ನೇ ಜಿ ಪಕ್ಕ ಒತ್ತಿಬಿಡುತ್ತಿದ್ದೆ. ಪ್ರಿಂಟಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮೊನ್ನೆ ಆ ಫೈಲುಗಳಲ್ಲಿ ‘ಅರ್ಜಿ’ ಎಂದು ಹುಡುಕಿದೆ, ಒಂದೂ ಸಿಗಲಿಲ್ಲ. ಎಲ್ಲವೂ ‘ಅಜಿ೯’ ಆಗಿ ಕೂತಿವೆ.