ಮದುವೆ ಮೆರವಣಿಗೆಗೆ ಕುದುರೆ ಹೇಳುವವರು ಒಂದು ಸಲ ಇದನ್ನು ಓದಿ

ತುಮಕೂರಿನಲ್ಲಿ ಮದುವೆಗೆ ಕುದುರೆ ಹೇಳಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಆಮೇಲೆ ನಿಮ್ಮಿಷ್ಟ. ನಮಗೆ ಕುದುರೆ ಬದಲಿಸಿ ಕಳಿಸಿದ ಮನುಷ್ಯನ ಹೆಸರು ಹಾಕುತ್ತಿಲ್ಲ, ಮನೆಯವರು ಬೇಡ ಅಂದಿದ್ದಾರೆ. ಹಾಕಿದರೂ ಏನು ಉಪಯೋಗ? ಮುಹೂರ್ತ ಜಾಸ್ತಿ ಇರುವ ದಿನ ಎಲ್ಲ ಕಡೆ ಇದೇ ಆಟ ನಡೆಯುತ್ತದೆ ಅಂತ ಈಗ ಒಬ್ಬೊಬ್ಬರೇ ಹೇಳುತ್ತಿದ್ದಾರೆ. ಮುಂಚೆ ಒಬ್ಬರೂ ಹೇಳಲಿಲ್ಲ.

ನನ್ನ ತಮ್ಮನ ಮದುವೆ. ಆರತಕ್ಷತೆ ದಿನ ಸಂಜೆ ದೇವಸ್ಥಾನದಿಂದ ಛತ್ರದವರೆಗೆ ಕುದುರೆ ಮೇಲೆ ಬರಬೇಕು ಅಂತ ಅವನ ಆಸೆ. ಯಾರೋ ನಂಬರ್ ಕೊಟ್ಟರು. ಫೋನ್ ಮಾಡಿದೆ.

"ಸಾರ್, ಕುಣಿಗಲ್ ಕುದುರೆ. ಪಕ್ಕದಲ್ಲೇ ಸರಪಟಾಕಿ ಹಚ್ಚಿ, ಅಲ್ಲಾಡಿದ್ರೆ ಕೇಳಿ. ಅಷ್ಟು ಸಾಧು."

ಕುಣಿಗಲ್ ಅಂದರೆ ನಮ್ಮ ಜಿಲ್ಲೆಯವರಿಗೆ ಒಂದು ನಂಬಿಕೆ. ಟಿಪ್ಪು ಕಾಲದಿಂದ ಕುದುರೆಗೆ ಹೆಸರಾದ ಊರು. ಆದರೆ ಅಲ್ಲಿನ ಫಾರಂನಲ್ಲಿ ಸಾಕಿಕೊಂಡು ಬಂದಿದ್ದು ರೇಸ್ ಕುದುರೆ. ಓಡೋದಕ್ಕೆ ಅಂತಲೇ ಹುಟ್ಟಿದ ಜಾತಿ. ತಮಟೆ ನಡುವೆ ಸುಮ್ನೆ ನಿಂತುಕೊಳ್ಳುವುದಕ್ಕೂ ಅದಕ್ಕೂ ಏನು ಸಂಬಂಧ? ಇವನ ಕುದುರೆ ನಿಜವಾಗಲೂ ಅಲ್ಲಿಂದ ಬಂದಿತ್ತೋ ಇಲ್ಲವೋ ದೇವರಿಗೇ ಗೊತ್ತು. ಊರಿನ ಹೆಸರು ಹೇಳಿದರೆ ಗಿರಾಕಿ ಬೀಳುತ್ತಾನೆ ಅನ್ನೋದು ಅವನಿಗೆ ಗೊತ್ತಿತ್ತು, ಅಷ್ಟೇ.

ವಿಡಿಯೋ ಕಳಿಸಿದ. ಬಿಳಿ ಕುದುರೆ, ಮೈತುಂಬ ಅಲಂಕಾರ, ಸುತ್ತ ಡೋಲು, ಹುಡುಗರ ಕುಣಿತ. ಅದು ಮಾತ್ರ ತಲೆ ತಗ್ಗಿಸಿಕೊಂಡು ನಿಂತಿದೆ. 9,000 ಮಾತಾಯಿತು. 4,000 ಅಡ್ವಾನ್ಸ್ ಫೋನ್‌ಪೇ ಮಾಡಿದೆ. ಸಿದ್ದಗಂಗೆ ದನದ ಜಾತ್ರೆಗೆ ಹೋದರೆ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಡೆಸಿ ನೋಡುತ್ತೇವೆ. ಅಂಥ ಊರಿನವರಿಗೇ ವಾಟ್ಸಾಪ್ ವಿಡಿಯೋ ತೋರಿಸಿ ದುಡ್ಡು ಹಾಕಿಸಿಕೊಳ್ಳುತ್ತಾರೆ ನೋಡಿ.

ಅವತ್ತು ಸಂಜೆ ಬಂದಿದ್ದು ಬಿಳಿ ಕುದುರೆಯೇ. ಆದರೆ ಅದಲ್ಲ. ವಿಡಿಯೋದಲ್ಲಿದ್ದ ಕುದುರೆಯ ಮೂತಿ ಮೇಲೆ ಕಪ್ಪು ಮಚ್ಚೆ ಇತ್ತು, ಇದಕ್ಕಿಲ್ಲ. ಇದು ಎತ್ತರ, ಸಣಕಲು. ಸುಮ್ನೆ ನಿಂತಿದ್ದರೂ ಕತ್ತೆಲ್ಲ ಬೆವರು. ಒಂದು ಕಾಲು ಊರಿದರೆ ಇನ್ನೊಂದು ಎತ್ತುತ್ತದೆ. ಕಣ್ಣಿನ ಬಿಳಿ ಭಾಗ ಕಾಣುತ್ತಿತ್ತು. ಓನರ್ ಪತ್ತೆ ಇಲ್ಲ. ಹಗ್ಗ ಹಿಡಿದು ನಿಂತಿದ್ದವನು ಮೀಸೆ ಕೂಡ ಬಾರದ ಹುಡುಗ. ಕೇಳಿದರೆ "ನಂಗೊತ್ತಿಲ್ಲಣ್ಣ, ಇದನ್ನ ಹೊಡ್ಕೊಂಡು ಹೋಗು ಅಂದ್ರು" ಅಂದ. ತಮಟೆಯವರು ಶುರು ಮಾಡಿಬಿಟ್ಟಿದ್ದರು, ಬೀಗರು ಛತ್ರದ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ಕಾಯುತ್ತಿದ್ದರು. ಆ ಹೊತ್ತಲ್ಲಿ ಬೇಡ ಅಂತ ಯಾರೂ ಅನ್ನಲ್ಲ. ಅವರ ವ್ಯಾಪಾರ ನಡೆಯೋದೇ ಇದರ ಮೇಲೆ.

ವಿಚಿತ್ರ ಏನು ಗೊತ್ತಾ? ತಮಟೆಗೆ ಅದು ಅಷ್ಟು ಬೆದರಲಿಲ್ಲ. ಪರವಾಗಿಲ್ಲ ಅಂದುಕೊಂಡೆವು. ಛತ್ರದ ಹತ್ತಿರ ಬಂದಾಗ ಶಾಮಿಯಾನಕ್ಕೆ ಕಟ್ಟಿದ್ದ ಟಾರ್ಪಾಲು ಗಾಳಿಗೆ ಪಟಪಟ ಅಂತ ಬಡಿಯಿತು. ಅಷ್ಟೇ ಆಗಿದ್ದು. ಕುದುರೆ ಪಕ್ಕಕ್ಕೆ ಹಾರಿ ಮುಂಗಾಲು ಎತ್ತಿತು. ತಮ್ಮ ಜಾರಿದ. ಹೊಸ ಮೋಜಡಿ, ಅಡಿ ನುಣ್ಣಗೆ, ಹಿಮ್ಮಡಿ ಇಲ್ಲ. ಪಾದ ಇಡುವ ಬಳೆ ಇರುತ್ತದಲ್ಲ, ರಿಕಾಪು, ಕಾಲು ಪೂರ್ತಿ ಅದರೊಳಗೆ ಹೋಗಿ ಸಿಕ್ಕಿಕೊಂಡಿತು. ಒಂದು ಕಾಲು ಮೇಲೆ, ಮೈ ಕೆಳಗೆ. ಆಗ ಅದು ಓಡಿದ್ದರೆ? ಈಗಲೂ ನೆನೆಸಿಕೊಂಡರೆ ಕೈ ನಡುಗುತ್ತದೆ. ತಮಟೆಯವರಲ್ಲಿ ಒಬ್ಬರು ಅವನನ್ನು ಅಪ್ಪಿ ಹಿಡಿದುಕೊಂಡರು, ಇನ್ನೊಬ್ಬರು ಮೋಜಡಿ ಕಿತ್ತು ಕಾಲು ಬಿಡಿಸಿದರು. ಅವರಿಗೆ ಎಷ್ಟು ಕೈ ಮುಗಿದರೂ ಸಾಲದು.

ಏನಾಯಿತು ಅಂತ ನಮ್ಮ ಸೋದರಮಾವ ಹಿಂದಿನಿಂದ ಓಡಿ ಬಂದರು. ತೊಡೆಗೆ ಒದೆ ಬಿತ್ತು. ಮೂಳೆ ಮುರಿದಿಲ್ಲ, ಎಕ್ಸ್‌ರೇ ಆಯಿತು, ಟಿಟಿ ಇಂಜೆಕ್ಷನ್ ಆಯಿತು. ತೊಡೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಮಾರನೇ ದಿನ ಧಾರೆಗೆ ಕುರ್ಚಿ ಮೇಲೆ ಕೂತೇ ಇದ್ದರು. ಬೀಗರ ಕಡೆ ಹುಡುಗರು ಇದೆಲ್ಲ ವಿಡಿಯೋ ಮಾಡಿ ಸ್ಟೇಟಸ್ ಹಾಕಿಕೊಂಡರು. ಪೇಟ ಉರುಳಿ ಹೋಗುವುದನ್ನು ಮಾತ್ರ ನಿಧಾನಕ್ಕೆ ಓಡಿಸಿ, ಮ್ಯೂಸಿಕ್ ಬೇರೆ ಹಾಕಿ. ಇರಲಿ ಬಿಡಿ.

ಈಗ ಕೇಳಿ. ಕುದುರೆಯನ್ನು ದೂರ ಕಟ್ಟಿದ ಮೇಲೆ ಅದು ತಲೆ ಒದರಿತು. ಕಿವಿಯಿಂದ ಏನೋ ಬಿತ್ತು. ಎತ್ತಿ ನೋಡಿದರೆ ಹತ್ತಿ! ನಿಂಬೆಹಣ್ಣಿನಷ್ಟು ಗಾತ್ರ, ಎಣ್ಣೆ ಹಿಡಿದು ಕಪ್ಪಾಗಿತ್ತು. ಇನ್ನೊಂದು ಕಿವಿಯಲ್ಲೂ ಇತ್ತು. ಹುಡುಗ ತಲೆ ತಗ್ಗಿಸಿ, "ಇದು ಹೊಸದಣ್ಣ. ಸದ್ದು ಆಗಲ್ಲ ಇದಕ್ಕೆ. ಹಳೇದು ತಿಪಟೂರಿಗೆ ಹೋಗೈತೆ" ಅಂದ. ಸರಪಟಾಕಿಗೂ ಅಲ್ಲಾಡದ ಕುದುರೆಗೆ ಹತ್ತಿ ಯಾಕೆ ತುರುಕಬೇಕು ಹೇಳಿ? ಅವನಿಗೆ ಗೊತ್ತಿತ್ತು. ಇದು ಬೆದರೋ ಕುದುರೆ ಅಂತ ಗೊತ್ತಿದ್ದೇ ಓನರ್ ಕಳಿಸಿದ. ಆ ಹತ್ತಿ ಕೈಯಲ್ಲಿ ಹಿಡಿದು ನಿಂತಾಗ ಆದ ಉರಿ ಇನ್ನೂ ಆರಿಲ್ಲ.

ನಮ್ಮ ಪರಿಚಯದ ಪಶು ವೈದ್ಯರು ಆಮೇಲೆ ವಿವರಿಸಿದರು. ಹತ್ತಿ ಇಡೋದು ತಪ್ಪೇನಲ್ಲವಂತೆ, ರೇಸಿಗೂ ಕೆಲವು ಕುದುರೆಗೆ ಇಡುತ್ತಾರಂತೆ. ಆದರೆ ಕುದುರೆಗೆ ಕಣ್ಣು ತಲೆಯ ಎರಡು ಪಕ್ಕದಲ್ಲಿ. ಸುಮಾರು ಸುತ್ತಲೂ ಕಾಣುತ್ತದೆ, ಬಾಲದ ನೇರ ಹಿಂದೆ ಮತ್ತು ಹಣೆಯ ಎದುರಿಗೆ ಮಾತ್ರ ಕಾಣಲ್ಲ. ತಮಟೆ ಸರಿಯಾಗಿ ಕೇಳದಿದ್ದರೂ ಟಾರ್ಪಾಲು ಬಡಿದದ್ದು ಕಣ್ಣಿಗೆ ಬಿದ್ದಿರಬೇಕು. ಹಿಂದಿನಿಂದ ಬರುವವರನ್ನು ಅದು ತಿಳಿಯೋದು ಕಿವಿಯಿಂದ. ಆ ಕಿವಿಯನ್ನೂ ಮುಚ್ಚಿದರೆ? ಮಾವ "ಏಯ್ ಏಯ್" ಅಂತ ಕೂಗಿಕೊಂಡೇ ಬಂದರು. ಅದಕ್ಕೆ ಕೇಳಿಸಿರಲಿಕ್ಕಿಲ್ಲ. ಪಾಪ, ಅದನ್ನು ಬೈದು ಏನು ಮಾಡೋದು. ಬೆದರಿದರೆ ಓಡೋದು, ಓಡೋಕೆ ಬಿಡದಿದ್ದರೆ ಒದೆಯೋದು, ಅದರ ಸ್ವಭಾವ.

ಫೋನ್ ಮಾಡಿದೆ. ಓನರ್ ಕೊಟ್ಟ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

"ಪ್ರಾಣಿ ಅಂದ್ಮೇಲೆ ಸ್ವಲ್ಪ ಹಂಗೂ ಹಿಂಗೂ ಇರುತ್ತೆ ಸಾರ್."

ವಿಡಿಯೋದಲ್ಲಿದ್ದ ಕುದುರೆ ಎಲ್ಲಿ ಅಂದೆ.

"ಅದಕ್ಕೆ ಹುಷಾರಿರ್ಲಿಲ್ಲ ಸಾರ್, ಮಲ್ಗಿತ್ತು."

ಅದೇ ರಾತ್ರಿ ಅವನ ಸ್ಟೇಟಸ್‌ನಲ್ಲಿ ಮೂತಿ ಮೇಲೆ ಮಚ್ಚೆ ಇರುವ ಅದೇ ಕುದುರೆ, ಇನ್ನೊಬ್ಬರ ಮದುವೆಯಲ್ಲಿ! ಹಿಂದಿನ ಫ್ಲೆಕ್ಸ್ ಮೇಲೆ ಅವತ್ತಿನದೇ ತಾರೀಕು. ಸ್ಕ್ರೀನ್‌ಶಾಟ್ ಕಳಿಸಿದೆ. "ಅದು ಹಳೇ ವಿಡಿಯೋ ಸಾರ್" ಅಂದ. ತಾರೀಕು ಓದಿ ಹೇಳಿದೆ. ಆಗ ಮಾತು ತಿರುಗಿಸಿದ.

"ನಿಮ್ಮವರು ಹಿಂದೆ ಯಾಕೆ ಹೋದ್ರು? ಕುದುರೆ ಹಿಂದೆ ಹೋಗ್ಬಾರ್ದು ಅಂತ ಚಿಕ್ಕ ಮಕ್ಕಳಿಗೂ ಗೊತ್ತು."

ಗಾದೆ ನಮಗೂ ಗೊತ್ತು ಮಾರಾಯ. ಮೆರವಣಿಗೆ ಅಂದರೆ ಹಿಂದೆ ಜನ ಇದ್ದೇ ಇರುತ್ತಾರೆ, ಅಲ್ವಾ? ಅದಕ್ಕೇ ತಾನೇ ಸಾಧು ಕುದುರೆ ಅಂತ ದುಡ್ಡು ತಗೊಂಡಿದ್ದು? ಮಾರನೇ ದಿನ ಇನ್ನೊಂದು ಮೆಸೇಜ್. ಕುದುರೆ ಕಾಲಿಗೆ ಪೆಟ್ಟಾಗಿದೆಯಂತೆ, ಡಾಕ್ಟರ್ ಖರ್ಚು ನಾವು ಕೊಡಬೇಕಂತೆ. ಮಾವನ ಎಕ್ಸ್‌ರೇ ಫೋಟೋ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಆದ್ದರಿಂದ ವಿಡಿಯೋ ನಂಬಬೇಡಿ. ಕುದುರೆ ಇರುವ ಜಾಗಕ್ಕೇ ಹೋಗಿ, ಅದರ ಹತ್ತಿರ ಒಂದು ಪ್ಲಾಸ್ಟಿಕ್ ಕವರ್ ಒದರಿಸಿ ತೋರಿಸು ಅಂತ ಓನರ್‌ಗೇ ಹೇಳಿ. ನೀವು ಒದರಬೇಡಿ. ನೋಡಿದ ಕುದುರೆಯ ಗುರುತನ್ನು ಚೀಟಿಯಲ್ಲಿ ಬರೆಸಿ, ಓನರ್ ತಾನೇ ಹಿಡಿದುಕೊಂಡು ಬರಬೇಕು ಅಂತಲೂ ಬರೆಸಿ. ಮದುಮಗನಿಗೆ ಹಿಮ್ಮಡಿ ಇರುವ ಶೂ ಹಾಕಿಸಿ, ಫೋಟೋಗೆ ಮೋಜಡಿ ಆಮೇಲೆ ಹಾಕಿಕೊಳ್ಳಲಿ. ಹತ್ತಿರ ಹೋಗುವವರು ಭುಜದ ಪಕ್ಕದಿಂದ, ಮಾತಾಡಿಸಿಕೊಂಡು ಹೋಗಲಿ. ಹಿಂದೆ ಬರುವವರನ್ನು ತಡೆಯೋಕೆ ಗಟ್ಟಿ ಆಳು ಒಬ್ಬರಿರಲಿ. ಬಣ್ಣದ ಕಾಗದ ಚಿಮ್ಮಿಸುವ ಪೇಪರ್ ಬ್ಲಾಸ್ಟ್ ಅಂತೂ ಬೇಡವೇ ಬೇಡ. ಕಿವಿ ಹಿಂದಕ್ಕೆ ಮಡಚಿ ಬಾಲ ಬಡಿಯುತ್ತಿದ್ದರೆ ಬೀಗರು ಕಾದರೂ ಸರಿ, ಮದುಮಗನನ್ನು ಇಳಿಸಿಬಿಡಿ. ಹಗ್ಗವನ್ನು ಯಾರೂ ಕೈಗೆ ಸುತ್ತಿಕೊಳ್ಳಬಾರದು. ಆ ಹುಡುಗ ಸುತ್ತಿಕೊಂಡಿದ್ದ. ಅಂಗೈ ಚರ್ಮ ಪೂರ್ತಿ ಕಿತ್ತು ಬಂದಿತ್ತು. ಮಾವನ ಜೊತೆ ಅವನನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಡ್ರೆಸ್ಸಿಂಗ್ ಮಾಡಿಸಿದ್ದು ನಾವೇ. ಅವನ ಓನರ್ ಒಂದು ಫೋನ್ ಕೂಡ ಮಾಡಲಿಲ್ಲ.

ಬಾಕಿ 5,000 ನಾನು ಕೊಟ್ಟಿಲ್ಲ. ಕೊಡೋದೂ ಇಲ್ಲ. ಬೇಕಿದ್ದರೆ ಮನೆಗೆ ಬರಲಿ, ಆ ಹತ್ತಿ ಇನ್ನೂ ಕವರಿನಲ್ಲಿ ಇಟ್ಟಿದ್ದೇನೆ.